ತಟ್ಟೆ ಬಿಟ್ಟು ತಕ್ಕಡಿ ನೋಡಿ

‘ಏನೂ ಉಣ್ಣಂಗಿಲ್ರೀ ಡಾಕ್ಟರ್’ ಎಂಬುದು ಹುಬ್ಬಳ್ಳಿಯ ದೂರು. ಮಂಡ್ಯದಲ್ಲಿ ‘ಒಂದ್ ತುತ್ತೂ ಬಾಯ್ಗಿಡಲ್ಲ ಸಾರ್’. ಕುಂದಾಪುರದ ಕಡೆ ‘ಎಂತದೂ ತಿಂಬುದಿಲ್ಲ ಡಾಕ್ಟ್ರೇ’. ಮಕ್ಕಳ ವೈದ್ಯರ ಕೋಣೆಯ ಹೊರಗೆ ಅರ್ಧ ಗಂಟೆ ಕುಳಿತರೆ ಸಾಕು, ಜ್ವರ, ಕೆಮ್ಮು, ವಾಂತಿಭೇದಿಗಳ ನಡುವೆ ಈ ದೂರು ಬಂದೇ ಬರುತ್ತದೆ. ಹೇಳುವವರು ಬಹುಮಟ್ಟಿಗೆ ತಾಯಿ. ಜೊತೆಗೆ ಅಜ್ಜಿಯೂ ಬಂದಿದ್ದರೆ ‘ನಮ್ ಕಾಲ್ದಲ್ಲಿ ಮಕ್ಳು ಹಿಂಗಿರ್ಲಿಲ್ಲ’ ಎಂಬ ಒಗ್ಗರಣೆಯೂ ಬೀಳುತ್ತದೆ. ಆರೋಪ ಹೊತ್ತ ಏಳೆಂಟು ವರ್ಷದ ಆಸಾಮಿ ಮಾತ್ರ ಇದ್ಯಾವುದೂ ತನಗೆ ಸೇರಿದ್ದಲ್ಲ ಎಂಬಂತೆ ಕುರ್ಚಿ ಹತ್ತಿ ಇಳಿಯುತ್ತಿರುತ್ತಾನೆ.

ಕುರ್ಚಿ ಹತ್ತಿ ಇಳಿಯುವ ಮಗುವಿನ ಬಗ್ಗೆ ವೈದ್ಯರಿಗೆ ಗಾಬರಿ ಕಡಿಮೆ. ಅಷ್ಟು ಕುಣಿಯಲು ಬೇಕಾದದ್ದು ಎಲ್ಲಿಂದಲೋ ಹೊಟ್ಟೆಗೆ ಹೋಗಿದೆ ಎಂದು ಅವರಿಗೆ ಗೊತ್ತು. ಅವರು ನಿಜಕ್ಕೂ ನೋಡಬೇಕಾದ ಮಗು ಬೇರೆಯದು. ತರಗತಿಯ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ, ಆಟದ ಪೀರಿಯಡ್ಡಿನಲ್ಲಿ ಬೇಗ ಸುಸ್ತಾಗುವ, ಕಳೆದ ವರ್ಷದ ಸಮವಸ್ತ್ರ ಈ ವರ್ಷವೂ ಸಲೀಸಾಗಿ ಹಿಡಿಸುವ ಮಗು ಅದು. ಬಟ್ಟೆ ಇನ್ನೂ ಆಗುತ್ತಿದೆಯಲ್ಲ ಎಂದು ಮನೆಯವರು ಸಮಾಧಾನಪಟ್ಟುಕೊಂಡಿರುತ್ತಾರೆ. ಹಟ ಮಾಡದ, ರಂಪ ಎಬ್ಬಿಸದ ಆ ಮಗುವನ್ನು ‘ತಿನ್ನಲ್ಲ’ ಎಂದು ಯಾರೂ ಆಸ್ಪತ್ರೆಗೆ ಕರೆತಂದಿರುವುದಿಲ್ಲ. ಊಟದ ವಿಷಯದಲ್ಲಿ ನಮ್ಮ ಮನೆಗಳ ದೂರು ಒಂದು ಮಗುವಿನದು, ಕಾಯಿಲೆ ಇನ್ನೊಂದು ಮಗುವಿನದು. ಎರಡೂ ಒಂದೇ ಮಗುವಿನಲ್ಲಿ ಸೇರುವುದು ಅಪರೂಪ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಎಡವಟ್ಟು ಇನ್ನೂ ಹೆಚ್ಚು. ಹುಡುಗ ಊಟ ಬಿಟ್ಟರೆ ಮನೆಯೇ ಎದ್ದು ನಿಲ್ಲುತ್ತದೆ. ಹುಡುಗಿ ಕಡಿಮೆ ಉಂಡರೆ ‘ನಮ್ಮ ಪುಟ್ಟಿ ಹಕ್ಕಿ ಹಾಗೆ, ಎರಡು ಕಾಳು ಸಾಕು’ ಎಂಬ ಮೆಚ್ಚುಗೆ.

ಕೇಂದ್ರ ಆರೋಗ್ಯ ಸಚಿವಾಲಯ 2016ರಿಂದ 2018ರವರೆಗೆ ನಡೆಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 5ರಿಂದ 9 ವರ್ಷದ ಮಕ್ಕಳ ಪೈಕಿ ಶೇ 22ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 23ರಷ್ಟು ವಯಸ್ಸಿಗೆ ಮೀರಿ ತೆಳ್ಳಗಿರುವವರು. ಇದೇ ವಯಸ್ಸಿನ ಗುಂಪಿನಲ್ಲಿ ಸುಮಾರು ಶೇ 24ರಷ್ಟು ಮಕ್ಕಳಿಗೆ ರಕ್ತಹೀನತೆ. ನಾಲ್ಕು ಮಕ್ಕಳಲ್ಲಿ ಒಂದು ಎಂದಿಟ್ಟುಕೊಂಡರೂ ನಲವತ್ತು ಮಕ್ಕಳ ತರಗತಿಯಲ್ಲಿ ಹತ್ತು ಮಂದಿ. ಇವರಲ್ಲಿ ಎಷ್ಟು ಮಂದಿಯ ಅಪ್ಪ ಅಮ್ಮನಿಗೆ ಇದು ಗೊತ್ತಿದೆ ಎಂದು ಯಾವ ಶಾಲೆಯಲ್ಲಿ ಬೇಕಾದರೂ ಕೇಳಿ ನೋಡಬಹುದು.

ಗೆರೆ ಹೇಳುವ ಕಥೆ

ಅನುಭವಸ್ಥ ವೈದ್ಯರು ತಾಯಿಯ ದೂರು ಮುಗಿಯುವವರೆಗೆ ಕೇಳಿಸಿಕೊಂಡು, ಆಮೇಲೆ ಮಗುವಿನ ಚಪ್ಪಲಿ ಬಿಚ್ಚಿಸುತ್ತಾರೆ. ತೂಕ, ಎತ್ತರ ಎರಡನ್ನೂ ಅಳೆದು ನಕ್ಷೆಯ ಮೇಲೆ ಚುಕ್ಕೆ ಇಡುತ್ತಾರೆ. ಐದು ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ನಕ್ಷೆ, ಐದರಿಂದ ಹದಿನೆಂಟರವರೆಗೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ಪರಿಷ್ಕರಿಸಿದ ನಕ್ಷೆ ಬಳಕೆಯಲ್ಲಿದೆ. ಅದರಲ್ಲಿ ಮೇಲಿಂದ ಕೆಳಗೆ ಏಳು ಗೆರೆಗಳು. ಒಂದೇ ವಯಸ್ಸಿನ ನೂರು ಆರೋಗ್ಯವಂತ ಮಕ್ಕಳನ್ನು ಸಣ್ಣವರಿಂದ ದೊಡ್ಡವರಿಗೆ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಆ ಗೆರೆಗಳು ಹೇಳುತ್ತವೆ. ಮಗು ಸಾಲಿನಲ್ಲಿ ಹತ್ತನೆಯದಾದರೆ ತಪ್ಪೇನಿಲ್ಲ, ಯಾರಾದರೂ ಹತ್ತನೆಯವರಾಗಲೇಬೇಕಲ್ಲ. ಪ್ರತಿ ವರ್ಷವೂ ಅದೇ ಹತ್ತರ ಗೆರೆಯ ಪಕ್ಕದಲ್ಲೇ ಬೆಳೆಯುತ್ತಿದ್ದರೆ ಆ ಮಗು ತನಗೆ ಬೇಕಾದಷ್ಟು ತಿನ್ನುತ್ತಿದೆ. ಐವತ್ತರ ಗೆರೆಯಲ್ಲಿದ್ದದ್ದು ಎರಡು ವರ್ಷದಲ್ಲಿ ಹತ್ತಕ್ಕೆ ಜಾರಿದರೆ ಮಾತ್ರ, ಮಗು ನೋಡಲು ಎಷ್ಟೇ ಚೆನ್ನಾಗಿರಲಿ, ವೈದ್ಯರು ಪೆನ್ನು ಕೆಳಗಿಟ್ಟು ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಅದಕ್ಕೇ ಒಂದು ದಿನದ ತೂಕಕ್ಕಿಂತ ಹಿಂದಿನ ತೂಕಗಳ ಚೀಟಿ ಹೆಚ್ಚು ಬೆಲೆಯದು. ಮನೆಯಲ್ಲಿ ತಾಯಿ ಕಾರ್ಡ್ ಇದ್ದರೆ ಅದನ್ನೂ ಒಯ್ಯಬೇಕು.

ಮಕ್ಕಳ ಹಸಿವು ಏಕೆ ಇಳಿಯುತ್ತದೆ ಎಂಬುದೂ ಈ ನಕ್ಷೆಯಲ್ಲೇ ಇದೆ. ಹುಟ್ಟುವಾಗ 3 ಕೆ.ಜಿ. ಇದ್ದ ಕೂಸು ವರ್ಷ ತುಂಬುವಾಗ 9 ಕೆ.ಜಿ. ಮುಟ್ಟುತ್ತದೆ. ಆಮೇಲೆ ಆ ವೇಗ ಇರುವುದಿಲ್ಲ. ಶಾಲೆಯ ವಯಸ್ಸಿನಲ್ಲಿ ವರ್ಷಕ್ಕೆ 2ರಿಂದ 3 ಕೆ.ಜಿ. ತೂಕ, 5ರಿಂದ 6 ಸೆಂ.ಮೀ. ಎತ್ತರ ಹೆಚ್ಚಿದರೆ ಸರಿಯಾಗಿಯೇ ಇದೆ. ಬೆಳವಣಿಗೆ ನಿಧಾನವಾದಾಗ ಹಸಿವೂ ನಿಧಾನವಾಗುತ್ತದೆ, ಹರೆಯದ ಹೊಸ್ತಿಲಲ್ಲಿ ಮತ್ತೆ ಕೆರಳುತ್ತದೆ. ಈ ನಡುವಿನ ವರ್ಷಗಳಲ್ಲೇ ನಮ್ಮ ಮನೆಗಳಲ್ಲಿ ತುತ್ತಿನ ಜಗಳಗಳು ಹುಟ್ಟುವುದು. ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಎತ್ತರ ಬೆಳೆದರೆ ಮಾತ್ರ ಕಾಯದೆ ತೋರಿಸಬೇಕು.

ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸುವ ಚಾಳಿಗೂ ಒಂದು ಲೆಕ್ಕದ ಉತ್ತರವಿದೆ. ಅಪ್ಪ ಅಮ್ಮನ ಎತ್ತರ ಕೂಡಿಸಿ ಅರ್ಧ ಮಾಡಿ, ಮಗನಾದರೆ ಆರೂವರೆ ಸೆಂ.ಮೀ. ಸೇರಿಸಿ, ಮಗಳಾದರೆ ಅಷ್ಟೇ ಕಳೆಯಿರಿ. ಅಪ್ಪ 165, ಅಮ್ಮ 152 ಸೆಂ.ಮೀ. ಇದ್ದರೆ ಮಗ ದೊಡ್ಡವನಾದ ಮೇಲೆ 165ರ ಆಸುಪಾಸಿಗೆ ನಿಲ್ಲುತ್ತಾನೆ, ಮಗಳು 152ರ ಹತ್ತಿರ. ಆರಡಿ ಎತ್ತರದ ಅಪ್ಪನ ಮಗನ ಪಕ್ಕ ಇವನನ್ನು ನಿಲ್ಲಿಸಿ ‘ನೋಡು, ಅವನು ಚೆನ್ನಾಗಿ ತಿಂತಾನೆ’ ಎನ್ನುವುದು ಅನ್ಯಾಯ.

ಲೆಕ್ಕಕ್ಕೆ ಬಾರದ ತಿಂಡಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದಂತೆ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1700 ಕ್ಯಾಲೊರಿ ಬೇಕು. ‘ಏನೂ ತಿನ್ನದ’ ಮಗುವಿನ ಒಂದು ದಿನವನ್ನು ಬರೆದು ನೋಡೋಣ. ಬೆಳಗ್ಗೆ ಏಳಕ್ಕೆ ವ್ಯಾನ್ ಬರುವ ಮುಂಚೆ ಒಂದು ಲೋಟ ಸಕ್ಕರೆ ಹಾಕಿದ ಹಾಲು, ಸಂಜೆ ಬಂದ ತಕ್ಷಣ ಇನ್ನೊಂದು, ಮಲಗುವಾಗ ‘ಊಟ ಮಾಡಿಲ್ಲ, ಹಾಲಾದರೂ ಕುಡೀಲಿ’ ಎಂದು ಮೂರನೆಯದು. ಅಲ್ಲಿಗೇ ನಾನೂರೈವತ್ತರ ಹತ್ತಿರ. ನಡುವೆ ಆರು ಬಿಸ್ಕತ್ತು, ಅಂಗಡಿಯ ಒಂದು ಸಣ್ಣ ಪೊಟ್ಟಣ ಚಿಪ್ಸ್. ಒಟ್ಟು 750ರ ಮೇಲೆ ಆಯಿತು. ದಿನದ ಅಗತ್ಯದ ಹತ್ತಿರ ಹತ್ತಿರ ಅರ್ಧ ತಟ್ಟೆಯ ಮುಂದೆ ಕೂರದೆಯೇ ಸಂದಾಯವಾಗಿದೆ. ಇನ್ನು ಆ ಮಗು ರಾತ್ರಿ ಎಂಟೂವರೆಗೆ ಅನ್ನ ಹುಳಿಯ ಮುಂದೆ ಕುಳಿತು ಮುಖ ತಿರುಗಿಸಿದರೆ ಅದು ಕಾಯಿಲೆಯಲ್ಲ. ಹೊಟ್ಟೆ ತುಂಬಿದೆ, ಅಷ್ಟೇ.

ಈ ಲೆಕ್ಕದಲ್ಲಿ ಕ್ಯಾಲೊರಿ ಇದೆ, ಕಬ್ಬಿಣ ಇಲ್ಲ, ಸೊಪ್ಪಿಲ್ಲ, ಕಾಳಿಲ್ಲ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುವ ಮಕ್ಕಳಲ್ಲಿ ರಕ್ತಹೀನತೆ ಹೆಚ್ಚಾಗಿ ಕಾಣುವುದು ಇದರಿಂದಲೇ. ಹಾಲಿಗೆ ಬೆರೆಸುವ ಚಾಕೊಲೇಟಿನ ಪುಡಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಪಟ್ಟಿಯಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯವೇ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಜಾಹೀರಾತಿನ ಹುಡುಗ ಮಾತ್ರ ಇನ್ನೂ ಎತ್ತರವಾಗುತ್ತಲೇ ಇದ್ದಾನೆ.

ಮಗುವಿಗೆ ತನ್ನ ಹೊಟ್ಟೆಯ ಅಳತೆ ಗೊತ್ತಿರುತ್ತದೆಯೇ? ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ 1920ರ ದಶಕದಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ಆಗಷ್ಟೇ ಎದೆಹಾಲು ಬಿಟ್ಟ 15 ಶಿಶುಗಳ ಮುಂದೆ ಬಗೆಬಗೆಯ ಸಾದಾ ಆಹಾರ ಇಡಿಸಿದರು. ಯಾವುದನ್ನೂ ತಿನ್ನು ಎನ್ನುವಂತಿಲ್ಲ, ಬೇಡ ಎನ್ನುವಂತಿಲ್ಲ ಎಂದು ದಾದಿಯರಿಗೆ ಕಟ್ಟಪ್ಪಣೆ. ಕೆಲವು ದಿನ ಮಕ್ಕಳು ವಿಚಿತ್ರವಾಗಿ ತಿಂದವು, ಆದರೆ ಒಟ್ಟಾರೆ ಎಲ್ಲವೂ ಚೆನ್ನಾಗಿ ಬೆಳೆದವು. ರಿಕೆಟ್ಸ್ ಇದ್ದ ಒಂದು ಮಗು ಬಟ್ಟಲಿನಲ್ಲಿಟ್ಟ ಮೀನೆಣ್ಣೆಯನ್ನು ಗುಣವಾಗುವವರೆಗೆ ಕುಡಿದು, ಆಮೇಲೆ ಅದರತ್ತ ತಿರುಗಿ ನೋಡಲಿಲ್ಲ. ‘ಹಾಗಾದರೆ ಮಕ್ಕಳಿಗೆ ಬಿಟ್ಟುಬಿಡೋಣ’ ಎನ್ನುವವರು 1939ರ ಅವರ ವರದಿಯನ್ನು ಪೂರ್ತಿ ಓದಬೇಕು. ಗುಟ್ಟು ಇದ್ದದ್ದು ಆಹಾರದ ಪಟ್ಟಿಯಲ್ಲೇ ಎಂದು ಅವರೇ ಬರೆದಿದ್ದಾರೆ. ಸಕ್ಕರೆ ತಿನಿಸಾಗಲಿ ಪೊಟ್ಟಣದ ತಿಂಡಿಯಾಗಲಿ ಆ ಪಟ್ಟಿಯಲ್ಲಿ ಇರಲಿಲ್ಲ. ಏನು ಬಡಿಸಬೇಕು, ಯಾವ ಹೊತ್ತಿಗೆ, ಎಲ್ಲಿ ಕೂರಿಸಿ ಎಂಬುದು ದೊಡ್ಡವರ ಕೆಲಸ. ತಿನ್ನುವುದೋ ಬಿಡುವುದೋ, ಎಷ್ಟು ತಿನ್ನುವುದು ಎಂಬುದು ಮಗುವಿನ ಕೆಲಸ ಎಂದು ಆಹಾರತಜ್ಞೆ ಎಲಿನ್ ಸ್ಯಾಟರ್ ಮುಂದೆ ಹೇಳಿದ್ದೂ ಈ ಜಾಡಿನಲ್ಲೇ. ಆರೋಗ್ಯವಾಗಿ ಬೆಳೆಯುತ್ತಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಎರಡೂವರೆ ಮೂರು ಗಂಟೆಗಳ ಅಂತರ, ಅರ್ಧ ಗಂಟೆಗೆ ತಟ್ಟೆ ಎತ್ತುವುದು, ಮೊಬೈಲ್ ದೂರ, ಊಟದ ಬಗ್ಗೆ ಭಾಷಣ ಬೇಡ. ತೂಕ ಜಾರುತ್ತಿರುವ ಮಗುವಿಗೆ ಮಾತ್ರ ಇದೊಂದೇ ಸಾಲದು, ಅಲ್ಲಿ ವೈದ್ಯರು ಹಾಕಿಕೊಟ್ಟ ದಾರಿಯಲ್ಲೇ ನಡೆಯಬೇಕು.

ಟಾನಿಕ್ಕಿನ ಮಾತು ಇಲ್ಲೇ ಮುಗಿಸಿಬಿಡೋಣ. ‘ಹಸಿವಾಗೋ ಸಿರಪ್ ಕೊಡಿ’ ಎಂದು ಔಷಧ ಅಂಗಡಿಯಲ್ಲಿ ಕೇಳಿದರೆ ಸಿಗುವ ಹಲವು ಬಾಟಲಿಗಳಲ್ಲಿ ಇರುವುದು ಸೈಪ್ರೊಹೆಪ್ಟಡೀನ್. ಅದು ಮೂಲತಃ ಅಲರ್ಜಿಯ ಔಷಧ. ಕೊಡುತ್ತಿರುವಷ್ಟು ದಿನ ಹಸಿವು ಏರಬಹುದು, ಜೊತೆಗೆ ತೂಕಡಿಕೆಯೂ ಬರುತ್ತದೆ, ನಿಲ್ಲಿಸಿದಾಗ ಹಸಿವು ಮೊದಲಿನ ಜಾಗಕ್ಕೇ ಬಂದು ನಿಲ್ಲುವುದು ಸಾಮಾನ್ಯ. ಆಯ್ದ ಕೆಲವು ಮಕ್ಕಳಿಗೆ ತಜ್ಞರು ಇದನ್ನು ಬರೆಯುವುದುಂಟು. ಕಾರಣ ಹುಡುಕದೆ ಅಂಗಡಿಯಿಂದ ತಂದು ಕುಡಿಸುವುದು ಮಾತ್ರ ರೋಗವನ್ನು ಮುಚ್ಚಿಡುವ ಕೆಲಸ.

ಹಸಿವು ಎಲ್ಲಿ ಕಳೆದುಹೋಯಿತು?

ಗೆರೆ ಜಾರಿದೆ ಎಂದಿಟ್ಟುಕೊಳ್ಳಿ. ಆಗ ವೈದ್ಯರು ಹುಡುಕುವ ಕಾರಣಗಳ ಸಾಲು ಉದ್ದವಿದೆ. ಆದರೆ ಮೊದಲು ಕೈ ಇಡಬೇಕಾದ್ದು ನಮ್ಮ ಶಾಲೆಗಳ ಮೇಲೆಯೇ ಎಂದು ನನಗೆ ಅನ್ನಿಸುತ್ತದೆ. ಬೆಳಗ್ಗೆ ಆರೂವರೆಗೆ ಎಬ್ಬಿಸಿ ಏಳಕ್ಕೆ ವ್ಯಾನ್ ಹತ್ತಿಸಿದ ಮಗುವಿಗೆ ಕಕ್ಕಸಿಗೆ ಹೋಗಲು ಸಮಯವಿಲ್ಲ. ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಚಿಲಕವಿಲ್ಲ, ವಾಸನೆ. ಮಗು ತಡೆದುಕೊಳ್ಳುತ್ತದೆ. ಹೋಗುವ ಅಗತ್ಯವೇ ಬಾರದಿರಲಿ ಎಂದು ನೀರನ್ನೂ ಕುಡಿಯುವುದಿಲ್ಲ; ಹುಡುಗಿಯರಲ್ಲಿ ಇದು ಹೆಚ್ಚು. ತಡೆದ ಮಲ ಗಟ್ಟಿಯಾಗುತ್ತದೆ, ಹೋಗುವಾಗ ನೋಯುತ್ತದೆ, ನೋವಿನ ಭಯಕ್ಕೆ ಮಗು ಇನ್ನಷ್ಟು ತಡೆಯುತ್ತದೆ. ಕರುಳು ತುಂಬಿ ನಿಂತ ಮಗುವಿಗೆ ಹಸಿವೆಲ್ಲಿಂದ ಬರಬೇಕು? ನಾಲ್ಕು ತುತ್ತಿಗೇ ‘ಸಾಕು, ಹೊಟ್ಟೆ ನೋವು’ ಎನ್ನುತ್ತದೆ. ಕೆಲವರಲ್ಲಿ ಗಟ್ಟಿ ಮಲದ ಪಕ್ಕದಿಂದ ನೀರಾದದ್ದು ಸೋರಿ ಚಡ್ಡಿ ಕೊಳೆಯಾಗುತ್ತದೆ. ಮನೆಯವರು ಅದನ್ನು ಭೇದಿ ಎಂದುಕೊಂಡು ಊಟ ಇನ್ನೂ ಕಡಿಮೆ ಮಾಡುತ್ತಾರೆ.

ವೈದ್ಯರು ಹೊಟ್ಟೆ ಮುಟ್ಟಿ ನೋಡಿದರೆ ಎಡಗಡೆ ಕೆಳಗೆ ಗಂಟಿನಂತೆ ಸಿಗುವುದು ಇದೇ. ಮಲ ಮೆದುವಾಗಿಸುವ ಔಷಧವನ್ನು ವಾರಗಟ್ಟಲೆ, ಹಲವು ಮಕ್ಕಳಿಗೆ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ನಾಲ್ಕು ದಿನ ಸಲೀಸಾಗಿ ಹೋದ ತಕ್ಷಣ ‘ಅಭ್ಯಾಸವಾಗಿಬಿಡುತ್ತೆ’ ಎಂದು ನಿಲ್ಲಿಸುವವರೇ ಹೆಚ್ಚು, ಅದಕ್ಕೇ ತೊಂದರೆ ಮರಳುತ್ತದೆ. ಊಟವಾದ ಮೇಲೆ ಐದು ಹತ್ತು ನಿಮಿಷ ಅವಸರವಿಲ್ಲದೆ ಕೂರಿಸುವುದೂ ಚಿಕಿತ್ಸೆಯೇ. ಮಗುವಿನ ಊಟದ ಬಗ್ಗೆ ಪೋಷಕರ ಸಭೆಯಲ್ಲಿ ಗಂಟೆಗಟ್ಟಲೆ ಮಾತಾಡುವ ನಾವು ಅದೇ ಶಾಲೆಯ ಶೌಚಾಲಯವನ್ನು ಒಮ್ಮೆಯಾದರೂ ಹೋಗಿ ನೋಡಿದ್ದೇವೆಯೇ?

ಇನ್ನೊಂದು ಕಾರಣ ನಮ್ಮ ಕಣ್ಣೆದುರೇ ಇದ್ದರೂ ತುಂಟತನದ ಖಾತೆಗೆ ಜಮೆಯಾಗಿರುತ್ತದೆ. ಅನ್ನ ಬೇಡವೆನ್ನುವ ಮಗು ಬಳಪ ಕಡಿಯುತ್ತದೆ, ಸೀಮೆಸುಣ್ಣ ನೆಕ್ಕುತ್ತದೆ, ಡಬ್ಬದಿಂದ ಹಸಿ ಅಕ್ಕಿ ಕದ್ದು ತಿನ್ನುತ್ತದೆ, ಗೋಡೆಯ ಸುಣ್ಣ ಕೆರೆಯುತ್ತದೆ. ಕನ್ನಡದ ಎಷ್ಟೋ ಶಾಲೆಗಳ ಒಂದನೇ ಎರಡನೇ ತರಗತಿಯಲ್ಲಿ ಬಳಪ ತಿನ್ನುವ ಮಗುವೊಂದು ಇದ್ದೇ ಇರುತ್ತದೆ. ಕೈಗೆ ಪೆಟ್ಟು ಕೊಡುವ ಬದಲು ಅದರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಬೇಕು. ಕಬ್ಬಿಣದ ಕೊರತೆ ಅನ್ನದ ಹಸಿವನ್ನು ಕೊಂದು ಮಣ್ಣಿನ ಹಸಿವನ್ನು ಹುಟ್ಟಿಸುತ್ತದೆ. 5ರಿಂದ 11 ವರ್ಷದ ಮಗುವಿಗೆ ಹಿಮೋಗ್ಲೋಬಿನ್ 11.5ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಚಿಕಿತ್ಸೆ ಅಗ್ಗ, ಫಲ ಬೇಗ. ಹಿಮೋಗ್ಲೋಬಿನ್ ಏರುವ ಮೊದಲೇ ಹಸಿವು ಮರಳುವುದುಂಟು. ಸರ್ಕಾರಿ ಶಾಲೆಗಳಲ್ಲಿ ಐದನೇ ತರಗತಿಯವರೆಗೆ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಮಾತ್ರೆ, ದೊಡ್ಡ ಮಕ್ಕಳಿಗೆ ಕೊಡುವ ನೀಲಿ ಮಾತ್ರೆ ಇದಕ್ಕಾಗಿಯೇ ಇವೆ. ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಊಟದ ಜೊತೆ ಚಹಾ ಕೊಟ್ಟರೆ ಮಾತ್ರ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಜಂತುಹುಳಕ್ಕೆ ಫೆಬ್ರುವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ದಿನಗಳಂದು ಶಾಲೆಯಲ್ಲೇ ಆಲ್ಬೆಂಡಜೋಲ್ ಮಾತ್ರೆ ಸಿಗುತ್ತದೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.

ಉಳಿದ ಕಾರಣಗಳನ್ನು ವೈದ್ಯರು ಒಂದೊಂದಾಗಿ ತಳ್ಳಿಹಾಕುತ್ತಾ ಹೋಗುತ್ತಾರೆ. ಹುಳುಕು ಹಲ್ಲಿನ ನೋವಿಗೆ ಒಂದೇ ಕಡೆ ಅಗಿಯುವ ಮಗು, ಟಾನ್ಸಿಲ್ ಊದಿಕೊಂಡು ಬಾಯಲ್ಲಿ ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ ಮಗು, ಥೈರಾಯ್ಡ್ ಕಡಿಮೆಯಾಗಿ ಎತ್ತರ ನಿಂತ ಮಗು, ಮೂತ್ರದ ಸೋಂಕು, ಹೃದಯದ ತೊಂದರೆ. ಚಂಚಲತೆಗೆ ಕೊಡುವ ಮೀಥೈಲ್‌ಫೆನಿಡೇಟ್, ಮೂರ್ಛೆರೋಗಕ್ಕೆ ಕೊಡುವ ಟೋಪಿರಮೇಟ್‌ನಂಥ ಔಷಧಗಳೂ ಹಸಿವು ಕಡಿಮೆ ಮಾಡುತ್ತವೆ. ಎರಡು ವಾರ ದಾಟಿದ ಜ್ವರ ಅಥವಾ ಕೆಮ್ಮು ಇದ್ದು, ಮನೆಯಲ್ಲೋ ಪಕ್ಕದಲ್ಲೋ ಯಾರಿಗಾದರೂ ಕ್ಷಯವಿದ್ದರೆ ಅದನ್ನು ಮರೆಮಾಚದೆ ಹೇಳಬೇಕು. ಮಾನಕ್ಕೆ ಅಂಜಿ ಆ ಒಂದು ಮಾತು ನುಂಗಿದ್ದಕ್ಕೆ ರೋಗ ತಿಂಗಳುಗಟ್ಟಲೆ ಗುರುತಾಗದೆ ಉಳಿಯಬಹುದು.

ಕೆಲವು ಲಕ್ಷಣಗಳಿಗೆ ನಾಳೆ ಎಂಬುದಿಲ್ಲ. ತೂಕ ಇಳಿಯುತ್ತಾ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ ಸಕ್ಕರೆ ಕಾಯಿಲೆ ಇರಬಹುದು, ಅದೇ ದಿನ ರಕ್ತ ಪರೀಕ್ಷೆ ಆಗಲೇಬೇಕು. ಹಸಿರು ವಾಂತಿ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ನುಂಗಲಾಗದಿರುವುದು, ನೀರನ್ನೂ ಬೇಡವೆಂದು ಮಂಕಾಗಿ ಮಲಗುವುದು, ಎದ್ದು ನಿಂತಾಗ ತಲೆತಿರುಗಿ ಬೀಳುವುದು ಇವೆಲ್ಲ ದೃಷ್ಟಿ ತೆಗೆದು ಕಾಯುವ ವಿಷಯಗಳಲ್ಲ. ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ. ಆಸ್ಪತ್ರೆಯಿಂದ ಬಂದ ಮೇಲೂ ತೆಗೆಯಬಹುದು. ಬಹಳ ದಿನ ಸರಿಯಾಗಿ ಉಣ್ಣದೆ ತೀರಾ ಸೊರಗಿದ ಮಗುವಿಗೆ ಒಮ್ಮೆಗೇ ತುಂಬಾ ಉಣ್ಣಿಸುವುದೂ ಅಪಾಯ. ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ತೊಂದರೆಯಾಗುತ್ತದೆ. ಅಂಥ ಮಗುವಿನ ಊಟ ಆಸ್ಪತ್ರೆಯಲ್ಲಿ, ಅಳತೆಯಲ್ಲಿ ಶುರುವಾಗಬೇಕು.

ಪರೀಕ್ಷೆಗಳೆಲ್ಲ ಸರಿಯಿದ್ದೂ ಮಗು ಸೊರಗುತ್ತಿದೆ ಎಂದಾಗ ನಮ್ಮ ಮನೆಗಳು ತಬ್ಬಿಬ್ಬಾಗುತ್ತವೆ. ‘ರಿಪೋರ್ಟ್ ನಾರ್ಮಲ್, ಎಲ್ಲಾ ನಾಟಕ’ ಎಂಬ ತೀರ್ಪು ಹೊರಬೀಳುವುದು ಆಗಲೇ. ಶಾಲೆಯ ದಿನ ಬೆಳಗ್ಗೆ ಮಾತ್ರ ಬರುವ, ಭಾನುವಾರ ರಜೆ ತೆಗೆದುಕೊಳ್ಳುವ ಹೊಟ್ಟೆನೋವು ನಾಟಕವಲ್ಲ. ಹೆದರಿಕೆ ಹೊಟ್ಟೆಯಲ್ಲೇ ಮನೆ ಮಾಡಿರುತ್ತದೆ. ಹೊಸ ಶಾಲೆ, ಗೇಲಿ ಮಾಡುವ ಸಹಪಾಠಿಗಳು, ಬುತ್ತಿ ತೆರೆದಾಗ ‘ಏನೋ ಇದು ವಾಸನೆ’ ಎಂದ ಒಂದು ಮಾತು, ಮನೆಯಲ್ಲಿ ಅಪ್ಪ ಅಮ್ಮನ ಜಗಳ, ಅಜ್ಜನ ಸಾವು ಯಾವುದಾದರೂ ಹಸಿವನ್ನು ಕಟ್ಟಿಹಾಕಬಲ್ಲದು. ಎಂಟು ವರ್ಷದ ಮಗುವಿಗೆ ‘ನನಗೆ ದುಃಖವಾಗಿದೆ’ ಎಂದು ಹೇಳಲು ಬಾರದು, ‘ಊಟ ಬೇಡ’ ಎಂದು ಹೇಳಲು ಬರುತ್ತದೆ. ಒಳ್ಳೆಯ ವೈದ್ಯರು ಐದು ನಿಮಿಷ ಹೆತ್ತವರನ್ನು ಹೊರಗೆ ಕಳುಹಿಸಿ ಮಗುವಿನ ಜೊತೆ ಮಾತಾಡುತ್ತಾರೆ. ಅದಕ್ಕೆ ಬೇಸರಿಸಬೇಡಿ.

ಇನ್ನು ಕೆಲವು ಮಕ್ಕಳಿವೆ. ಬಿಳಿ ಅನ್ನ, ಮೊಸರು, ಒಂದೇ ಬಗೆಯ ಬಿಸ್ಕತ್ತು ಬಿಟ್ಟು ಬೇರೆ ಯಾವುದನ್ನೂ ವರ್ಷಗಟ್ಟಲೆ ಮುಟ್ಟದವು. ಸಾರಿನಲ್ಲಿ ಒಂದು ಕರಿಬೇವಿನ ಎಲೆ ಕಂಡರೂ ವಾಕರಿಸುವವು. ಇಡ್ಲಿ ಗಂಟಲಲ್ಲಿ ಸಿಕ್ಕಿಕೊಂಡು ಉಸಿರುಗಟ್ಟಿದ ಒಂದು ಘಟನೆಯ ನಂತರ ಗಟ್ಟಿ ಪದಾರ್ಥವನ್ನೇ ಬಿಟ್ಟವು. ಹಸಿವೆಂಬುದೇ ಅರಿವಿಗೆ ಬಾರದೆ, ನೆನಪಿಸದಿದ್ದರೆ ಸಂಜೆಯವರೆಗೂ ಉಪವಾಸ ಇರುವವು. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಆರ್ಫಿಡ್ ಎಂದು ಹೆಸರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಇದು ಸೇರಿದ್ದು 2013ರಲ್ಲಿ. ಅದಕ್ಕೂ ಮುಂಚೆ ಇಂಥ ಮಕ್ಕಳು ‘ಹಟಮಾರಿ’, ‘ಮುದ್ದಿನಿಂದ ಕೆಟ್ಟದ್ದು’. ತೆಳ್ಳಗಾಗಬೇಕೆಂಬ ಆಸೆ ಈ ಮಕ್ಕಳಿಗೆ ಇರುವುದಿಲ್ಲ. ಆಹಾರದ ವಾಸನೆ, ಮೆದುತನ, ಬಣ್ಣ ಅವುಗಳಲ್ಲಿ ಹಲವಕ್ಕೆ ನಿಜಕ್ಕೂ ಸಹಿಸಲಾಗದಷ್ಟು ತೀಕ್ಷ್ಣ. ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು. ಮೂಗು ಹಿಡಿದು ಬಾಯಿಗೆ ತುರುಕಿದರೆ ಭಯ ಗಟ್ಟಿಯಾಗುತ್ತದೆ. ಮನಶ್ಶಾಸ್ತ್ರಜ್ಞರು, ಆಕ್ಯುಪೇಷನಲ್ ಥೆರಪಿಸ್ಟ್, ಆಹಾರತಜ್ಞರು ಸೇರಿ ಹೊಸ ಪದಾರ್ಥವನ್ನು ಮೊದಲು ನೋಡುವುದು, ಮುಟ್ಟುವುದು, ಮೂಸುವುದು, ನೆಕ್ಕುವುದು ಎಂದು ಮೆಟ್ಟಿಲು ಹತ್ತಿಸುತ್ತಾರೆ. ತಿಂಗಳುಗಳು ಹಿಡಿಯುತ್ತವೆ.

ಹನ್ನೊಂದು ಹನ್ನೆರಡು ದಾಟಿದವರಲ್ಲಿ ಇನ್ನೊಂದು ಬಗೆ. ಊಟ ತಟ್ಟೆಯಿಂದ ಕರವಸ್ತ್ರಕ್ಕೆ, ಅಲ್ಲಿಂದ ಕಸದ ಬುಟ್ಟಿಗೆ ಹೋಗುತ್ತದೆ. ಕನ್ನಡಿಯ ಮುಂದೆ ಸಮಯ ಹೆಚ್ಚುತ್ತದೆ, ಸಡಿಲ ಬಟ್ಟೆ, ಊಟವಾದ ಕೂಡಲೇ ಬಚ್ಚಲುಮನೆ, ಹುಡುಗಿಯರಲ್ಲಿ ನಿಂತ ಮುಟ್ಟು. ‘ಡಯೆಟ್ ಮಾಡ್ತಿದ್ದಾಳೆ’ ಎಂದು ನಗಬೇಡಿ. ಅನೊರೆಕ್ಸಿಯಾ ಜೀವ ತೆಗೆಯಬಲ್ಲ ಕಾಯಿಲೆ.

ಮನಸ್ಸಿನ ವೈದ್ಯರ ಹೆಸರೆತ್ತಿದರೆ ‘ನಮ್ ಮಗೂಗೆ ಹುಚ್ಚಾ?’ ಎನ್ನುವವರು ಈಗಲೂ ಇದ್ದಾರೆ. ಅದೂ ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ರಾಜ್ಯದಲ್ಲಿ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು, 14416ಕ್ಕೆ ಕರೆ ಮಾಡಿ ಟೆಲಿ ಮಾನಸ್ ಸಲಹೆಗಾರರ ಜೊತೆ ಕನ್ನಡದಲ್ಲೇ ಮಾತಾಡಬಹುದು. ಕರೆಗೆ ಹಣವಿಲ್ಲ.

ಹೋಗುವ ಮುನ್ನ

ವೈದ್ಯರು ಕೊಡಬಲ್ಲ ಸಮಯ ಹತ್ತು ನಿಮಿಷ, ಸರ್ಕಾರಿ ಆಸ್ಪತ್ರೆಯಲ್ಲಿ ಅದೂ ಕಷ್ಟ. ಹಾಗಾಗಿ ಮೂರು ದಿನ, ಅದರಲ್ಲೊಂದು ರಜಾದಿನ, ಮಗುವಿನ ಬಾಯಿಗೆ ಹೋದದ್ದೆಲ್ಲವನ್ನೂ ಹಾಳೆಯಲ್ಲಿ ಬರೆಯಿರಿ: ಹಾಲು, ಬಿಸ್ಕತ್ತು, ಅಜ್ಜ ಕೊಡಿಸಿದ ಚಾಕೊಲೇಟು, ಸ್ನೇಹಿತನ ಡಬ್ಬಿಯಿಂದ ತಿಂದ ಚಿತ್ರಾನ್ನ. ಮಲ ಎಷ್ಟು ದಿನಕ್ಕೊಮ್ಮೆ, ನಿದ್ದೆ ಎಷ್ಟು ಹೊತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಬರೆಯುತ್ತಿರುವಾಗಲೇ ಅರ್ಧದಷ್ಟು ತಾಯಂದಿರಿಗೆ ಉತ್ತರ ಹೊಳೆದುಬಿಡಬಹುದು. ಹೊಳೆಯದವರಿಗೆ ಆ ಹಾಳೆಯೇ ವೈದ್ಯರಿಗೆ ಕೊಡುವ ಒಳ್ಳೆಯ ಸುಳಿವು. ಮಗುವಿನೆದುರೇ ಅದರ ಊಟದ ಕಥೆಯನ್ನು ಊರಿಗೆಲ್ಲ ಹೇಳುವುದು, ‘ತಿನ್ನದಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ ನೋಡು’ ಎಂದು ಹೆದರಿಸುವುದು ಇವೆರಡನ್ನೂ ಇವತ್ತೇ ಬಿಡಿ. ಸೂಜಿಯ ಭಯದಲ್ಲಿ ನಡುಗುತ್ತಾ ಬಂದ ಮಗುವಿನ ಹೊಟ್ಟೆಯನ್ನು ಯಾವ ವೈದ್ಯರೂ ಸರಿಯಾಗಿ ಮುಟ್ಟಿ ನೋಡಲಾರರು. ವೈದ್ಯರು ಎಲ್ಲ ಮಕ್ಕಳಿಗೂ ರಕ್ತ ಪರೀಕ್ಷೆ ಬರೆಯುವುದಿಲ್ಲ. ಬೆಳವಣಿಗೆ ಸರಿಯಿದ್ದು, ಮೈಯಲ್ಲಿ ಬೇರೇನೂ ಕಾಣದಿದ್ದರೆ ‘ಆರು ತಿಂಗಳು ಬಿಟ್ಟು ತೂಕ ನೋಡೋಣ’ ಎಂದು ಕಳುಹಿಸುವ ವೈದ್ಯರು ನಿಮ್ಮನ್ನು ಕಡೆಗಣಿಸಿಲ್ಲ, ಸರಿಯಾಗಿಯೇ ನೋಡಿದ್ದಾರೆ.

ಹಿಂದಿನ ಬೆಂಚಿನ ಆ ಸುಮ್ಮನಿರುವ ಮಗುವಿಗೆ ಸರ್ಕಾರಿ, ಅನುದಾನಿತ ಶಾಲೆಯಲ್ಲೇ ಎರಡು ಆಸರೆಗಳಿವೆ. ಒಂದು ಊಟ. 2013ರಿಂದ ನಡೆಯುತ್ತಿರುವ ಕ್ಷೀರಭಾಗ್ಯ ಯೋಜನೆಯ 150 ಮಿ.ಲೀ. ಹಾಲು, ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ 2024ರಲ್ಲಿ ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿದ ಮೊಟ್ಟೆ ಸೇರಿದರೆ ಹತ್ತು ಗ್ರಾಂಗೂ ಹೆಚ್ಚು ಪ್ರೊಟೀನ್. ಎಂಟು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 23 ಗ್ರಾಂ. ಶಾಲೆ ಹತ್ತಿರ ಹತ್ತಿರ ಅರ್ಧ ಕೊಟ್ಟಂತಾಯಿತು. ಮೊಟ್ಟೆ ಕೊಡಬೇಕೋ ಬೇಡವೋ ಎಂದು ನಾವು ದೊಡ್ಡವರು ವರ್ಷಗಟ್ಟಲೆ ಕಚ್ಚಾಡಿದ್ದು ಎಷ್ಟು ಅನಗತ್ಯವಾಗಿತ್ತು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಎರಡನೆಯದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. 2013ರಲ್ಲಿ ಶುರುವಾದ ಈ ಯೋಜನೆಯಡಿ ವೈದ್ಯರ ತಂಡ ವರ್ಷಕ್ಕೊಮ್ಮೆ ಪ್ರತಿ ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಬಂದು ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ನೋಡಬೇಕು, ತೂಕ ಎತ್ತರ ಬರೆಯಬೇಕು, ತೊಂದರೆ ಕಂಡವರಿಗೆ ದೊಡ್ಡ ಆಸ್ಪತ್ರೆಗೆ ಚೀಟಿ ಕೊಡಬೇಕು. ಆ ಚೀಟಿ ಎಷ್ಟೋ ಬಾರಿ ಮಗುವಿನ ಪುಸ್ತಕದ ನಡುವೆಯೇ ಉಳಿದುಬಿಡುತ್ತದೆ. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ಮುಂಚೆ ತಂಡ ಯಾವಾಗ ಬಂದಿತ್ತು, ಆ ದಿನ ನಿಮ್ಮ ಮಗು ಹಾಜರಿತ್ತೇ, ತೂಕ ಎಷ್ಟು ಬರೆದಿದ್ದಾರೆ, ಚೀಟಿ ಕೊಟ್ಟಿದ್ದಾರೆಯೇ ಎಂದು ಕೇಳಿ. ಖಾಸಗಿ ಶಾಲೆಯಾದರೆ ಆರು ತಿಂಗಳಿಗೊಮ್ಮೆ ತೂಕ, ಎತ್ತರ ಅಳೆದು ಕೊಡಿ ಎಂದು ಒತ್ತಾಯಿಸಿ. ಅದಕ್ಕೆ ಬೇಕಾದ್ದು ಒಂದು ತಕ್ಕಡಿ, ಗೋಡೆಯ ಮೇಲೊಂದು ಅಳತೆಪಟ್ಟಿ. ಚೀಟಿ ಸಿಕ್ಕಿದ್ದರೆ ಅದನ್ನು ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ. ಈ ಕಾರ್ಯಕ್ರಮದಡಿ ಕಳುಹಿಸಿದ ಮಗುವಿನ ತಪಾಸಣೆ, ಚಿಕಿತ್ಸೆ ಎರಡೂ ಉಚಿತ.